ಬೆಂಡು ಹಲಗೆಯ ಕೆಳಗೆ

ಕೊಬ್ಬರಿ ಅಟ್ಟದ ವಾಸನೆ ಮೂಗಿಗೆ ಬಿದ್ದರೆ ಬೇರೆಯವರಿಗೆ ಅಜ್ಜಿಮನೆ ನೆನಪಾಗಬಹುದು. ನನಗೆ ಸಿಟ್ಟು ಬರುತ್ತದೆ. ಹೋದ ತಿಂಗಳು ಹಾರನಹಳ್ಳಿಯಲ್ಲಿ ನೆಂಟರ ಮನೆಯ ಸೀಮಂತಕ್ಕೆ ಹೋಗಿದ್ದೆ. ಹಳೇ ಕಾಲದ ಮನೆ, ನಡುಮನೆಯಲ್ಲಿ ತಿಂಡಿಗೆ ಕೂರಿಸಿದ್ದರು. ಮೇಲಿನ ಅಟ್ಟದಲ್ಲಿ ಕಾಯಿ ಒಣಗುತ್ತಿತ್ತು. ಸಿಪ್ಪೆಯ ಧೂಳು, ಎಣ್ಣೆಯ ಜಿಡ್ಡು, ನಡುವೆ ಎಲ್ಲೋ ಕೊಳೆತ ಒಂದು ಕಾಯಿಯ ಹುಳಿ, ಎಲ್ಲ ಸೇರಿದ ಆ ವಾಸನೆ ತಟ್ಟೆಯವರೆಗೂ ಇಳಿದು ಬಂತು. ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ ಎದ್ದು ನಿಂತು, "ಮೇಲೆ ಎಷ್ಟು ಕಾಯಿ ಹಾಕಿದ್ದೀರಿ? ತೊಲೆ ಯಾವ ಮರದ್ದು?" ಎಂದು ಮನೆಯ ಯಜಮಾನರನ್ನು ಕೇಳಿದೆ.

"ತೇಗದ್ದು ಕಣಮ್ಮ, ನಮ್ಮ ತಾತನ ಕಾಲದ್ದು. ಇನ್ನೂ ಮೂರು ತಲೆಮಾರು ಅಲ್ಲಾಡಲ್ಲ. ಕೂತ್ಕೊಂಡು ತಿನ್ನಿ," ಎಂದು ಅವರು ನಕ್ಕರು. ಹೆಂಗಸರೂ ನಕ್ಕರು. ನಾನು ತಟ್ಟೆ ಎತ್ತಿಕೊಂಡು ಜಗಲಿಗೆ ಹೋದೆ.

ನಮ್ಮ ಇಲಾಖೆಯಲ್ಲಿ ನನಗೆ 'ಸಹಿ ಹಾಕದ ಮೇಡಮ್ಮು' ಎಂದು ಹೆಸರಿದೆ. ಕೆಲವರು ಹಿಂದಿನಿಂದ ಆಡಿಕೊಳ್ಳುತ್ತಾರೆ, ಕೆಲವರು ಎದುರಿಗೇ ಹೇಳುತ್ತಾರೆ. ಹೇಳಲಿ. ನೋಡದೆ ಸಹಿ ಹಾಕಿದ ವರ್ಷವೊಂದು ನನ್ನ ಬದುಕಿನಲ್ಲೂ ಇದೆ. ಅದು ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ, ಅರಸೀಕೆರೆಯಲ್ಲಿ.

ನಮ್ಮೂರು ಹಗರೆ. ಮನೆಯಲ್ಲಿ ಹಸು, ಬೆಳಗಾದರೆ ಹಾಲಿನ ಕ್ಯಾನು, ಡೈರಿ. ಅಲ್ಲಿಂದ ದಿನಾ ಓಡಾಡುವುದು ಆಗದ ಮಾತು ಎಂದು ಅರಸೀಕೆರೆಯಲ್ಲೇ ಒಂದು ಕೋಣೆ ಹಿಡಿದಿದ್ದೆ. ಇಂಜಿನಿಯರ್ ಎಂಬ ಹೆಸರಿನ ಜೊತೆಗೆ ಪ್ರೊಬೇಷನ್ ಎಂಬ ಬಾಲವೂ ಅಂಟಿಕೊಂಡಿತ್ತು. ಸೇರಿದ ಎರಡನೇ ವಾರಕ್ಕೇ ಸಾಹೇಬರು ಒಂದು ಫೈಲು ನನ್ನ ಮೇಜಿಗೆ ತಳ್ಳಿದರು. ಕಣಕಟ್ಟೆಯಿಂದ ಮುಂದೆ ಒಂದು ಹಳ್ಳಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲು. ತೆಂಗಿನ ತೋಟದವರು, ವರ್ತಕರು ಸೇರಿ ಟ್ರಸ್ಟು ಮಾಡಿಕೊಂಡು ನಡೆಸುತ್ತಿದ್ದರು. ಕಟ್ಟಡ ಸುಸ್ಥಿತಿಯಲ್ಲಿದೆ ಎಂಬ ಸರ್ಟಿಫಿಕೇಟು ಅವರಿಗೆ ವರ್ಷಕ್ಕೊಂದು ಬೇಕು. ಹಿಂದಿನವರೆಲ್ಲ ಅದೇ ಒಂದು ಸಾಲು ಬರೆದು ಸಹಿ ಹಾಕಿದ್ದರು. ಒಬ್ಬರ ಸಾಲಿನಲ್ಲಿದ್ದ ಕಾಗುಣಿತದ ತಪ್ಪು ಮುಂದಿನವರ ಸಾಲಿಗೂ ಹಾಗೇ ಬಂದಿತ್ತು.

"ಹೋಗಿ ಒಂದು ಕಣ್ಣು ಹಾಯಿಸಿ ಬನ್ರೀ," ಎಂದರು ಸಾಹೇಬರು. ನಾನು ಅಷ್ಟೇ ಮಾಡಿದೆ.

ಟ್ರಸ್ಟಿನ ಕಾರ್ಯದರ್ಶಿ ಶಿವಲಿಂಗಪ್ಪನವರು ಗೇಟಿಗೇ ಬಂದು ಕರೆದುಕೊಂಡು ಹೋದರು. ಅರವತ್ತು ದಾಟಿದ, ಬಿಳಿ ಪಂಚೆಯ, ಮೆತ್ತನೆ ಮಾತಿನ ಮನುಷ್ಯ. ಕೊಬ್ಬರಿ ಮಂಡಿ ಇಟ್ಟವರು. ಹಾಸ್ಟೆಲು ಕಟ್ಟಿಸಿದ್ದು ಅವರ ತಂದೆ. ಹುಡುಗಿಯರು ಮಲಗುವ ಕೋಣೆಗಳು ಈಚಿನವು, ಆರ್‌ಸಿಸಿ. ಅಡುಗೆಮನೆ ಮತ್ತು ಊಟದ ಹಾಲು ಮಾತ್ರ ಮೊದಲಿನವು. ಅವುಗಳ ಮಾಡಿನ ಕಥೆಯನ್ನು ಶಿವಲಿಂಗಪ್ಪನವರು ಹೆಮ್ಮೆಯಿಂದ ಹೇಳಿದರು.

"ನಮ್ಮ ತಂದೆಯೋರು ಲಾರೀಲಿ ಹಲಗೆ ತರಿಸಿದ್ರು ತಾಯಿ. ಕಾಂಕ್ರೀಟಿಂದೇ, ಆದ್ರೆ ಬೆಂಡಿನ ಹಾಗೆ ಹಗುರ. ನಾಲ್ಕಾಳು ಎತ್ತಿ ಗೋಡೆ ಮೇಲೆ ಇಟ್ಟರೆ ಮುಗೀತು. ಎರಡೇ ದಿನಕ್ಕೆ ಮಾಡಾಯ್ತು. ಸುತ್ತಲ ಹಳ್ಳಿಯೋರು ನೋಡೋಕೆ ಬಂದಿದ್ರು."

ಊರಿನಲ್ಲಿ ಅದಕ್ಕೆ ಬೆಂಡು ಹಲಗೆ ಎಂದೇ ಹೆಸರು. ನನಗೂ ಗೊತ್ತಿತ್ತು, ಪುಸ್ತಕದಲ್ಲಿ ಓದಿದ್ದೆ. ಸಿಮೆಂಟಿನ ಹಿಟ್ಟಿನಲ್ಲಿ ಗಾಳಿ ಉಬ್ಬಿಸಿ ಎರಕ ಹೊಯ್ದ ಹಲಗೆ. ಮುರಿದು ನೋಡಿದರೆ ಒಳಗೆ ಇಡ್ಲಿಯ ಹಾಗೆ ತೂತು ತೂತು. ಅದರೊಳಗೆ ತೆಳು ಸರಳು. ಒಣಗಿದ್ದರೆ, ಹೊರೆ ಬೀಳದಿದ್ದರೆ, ತುದಿಗಳು ಗೋಡೆಯ ಮೇಲೆ ಚೆನ್ನಾಗಿ ಕೂತಿದ್ದರೆ ತನ್ನ ಕಾಲ ಕಳೆಯುತ್ತದೆ. ನೀರು ಹೊಕ್ಕರೆ ಒಳಗಿನ ಸರಳು ತುಕ್ಕು ಹಿಡಿಯುತ್ತದೆ, ಮತ್ತು ಅದು ಹೊರಗಿನವರಿಗೆ ಕಾಣುವುದಿಲ್ಲ. ಇಷ್ಟೆಲ್ಲ ಓದಿದ್ದವಳು ನಾನು. ಅಡುಗೆಮನೆಯಲ್ಲಿ ತಲೆ ಎತ್ತಿ ನೋಡಿದೆ. ಒಲೆಗಳ ಮೇಲೆ, ಗೋಡೆಯಿಂದ ಗೋಡೆಗೆ, ಒಗೆದು ಶುಭ್ರವಾದ ಹಳೇ ಸೀರೆಗಳನ್ನು ಕಟ್ಟಿದ್ದರು. ಹಲಗೆ ಕಾಣುತ್ತಿರಲಿಲ್ಲ.

"ಇದ್ಯಾಕೆ?" ಎಂದು ಅಡುಗೆಯವಳನ್ನು ಕೇಳಿದೆ. ಅವಳ ಹೆಸರು ಗಂಗಮ್ಮ. ಬಡಕಲು ಮೈ, ದೊಡ್ಡ ಕೈಗಳು. ಅವಳು ಶಿವಲಿಂಗಪ್ಪನವರ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ಮಸಿ ಬೀಳ್ತೈತೆ ಅಂತ ಕಟ್ಟಿವ್ನಿ," ಎಂದಳು.

ಗ್ಯಾಸಿನ ಒಲೆಯ ಮೇಲೆ ಮಸಿ ಎಲ್ಲಿಂದ ಬಂತು ಎಂದು ನನ್ನ ತಲೆಗೆ ಹೊಳೆಯಲಿಲ್ಲ. ಮೇಲೆ ಏನಿದೆ ಎಂದು ಕೇಳಿದೆ. "ಅಟ್ಟ ಇದೆ ತಾಯಿ," ಎಂದರು ಶಿವಲಿಂಗಪ್ಪನವರು. ಸುಳ್ಳು ಹೇಳಲಿಲ್ಲ. ತೆಂಗಿನ ಸೀಮೆಯಲ್ಲಿ ಅಟ್ಟ ಎಂದರೆ ಅದರ ಮೇಲೆ ಏನಿರುತ್ತದೆ ಎಂದು ಕೈಗೂಸಿಗೂ ಗೊತ್ತು. ಹಾಲಿನ ಕ್ಯಾನಿನ ಊರಿನಿಂದ ಬಂದ ನನಗೆ ಗೊತ್ತಿರಲಿಲ್ಲ, ಹತ್ತಿ ನೋಡುವ ಬುದ್ಧಿಯೂ ಬರಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು. ಎಳನೀರು ಕುಡಿದು ಬಂದೆ. ಮಾರನೆಯ ದಿನ ಹಳೇ ಸಾಲನ್ನೇ ಬರೆದೆ. ಕಾಗುಣಿತ ಮಾತ್ರ ತಿದ್ದಿದೆ, ಅದೇ ದೊಡ್ಡ ಸಾಧನೆ ಅಂದುಕೊಂಡೆ.

ಅರಸೀಕೆರೆಯ ಕಡೆಗೆ ಮಳೆ ಬಂದರೇ ದೊಡ್ಡದು. ಆ ವರ್ಷ ಮಾತ್ರ ಹಿಂಗಾರು ಹಟ ಹಿಡಿದು ಸುರಿಯಿತು. ರಾಗಿ ಹೊಲದಲ್ಲೇ ಮಲಗಿತು. ಅಂಥ ಒಂದು ಮಳೆಯ ದಿನ, ಮಧ್ಯಾಹ್ನದ ಹೊತ್ತಿಗೆ, ಗಂಗಮ್ಮ ಬಸ್ಸು ಹತ್ತಿ ನಮ್ಮ ಆಫೀಸಿಗೆ ಬಂದಳು. ಒದ್ದೆ ಸೆರಗನ್ನು ಹಿಂಡಿ ಬಾಗಿಲ ಹೊರಗೇ ನಿಂತಿದ್ದಳು. ಒಳಗೆ ಕರೆದು ಕೂರಿಸಿದೆ. ಕೈಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ನನ್ನ ಫೈಲುಗಳ ಮೇಲೆ ಇಟ್ಟಳು. ಡಬ್ಬಿಯ ತುಂಬ ಬಿಳಿ ಪುಡಿ, ಚೂರು. ನಡುವೆ ಕಂದು ಬಣ್ಣದ ಸಿಪ್ಪೆಗಳು. ಬೆರಳಲ್ಲಿ ಮುಟ್ಟಿದೆ. ತುಕ್ಕು.

"ಇದು ಒಂದು ವಾರದ್ದು ಅಮ್ಮಾರೆ," ಎಂದಳು. "ಸಾರಿಗೆ ಬೀಳಬಾರ್ದು ಅಂತ ಸೀರೆ ಕಟ್ಟಿರೋದು. ಮೊದ್ಲು ತಿಂಗಳಿಗೊಂದ್ಸಲ ಕೊಡವ್ತಿದ್ದೆ. ಈಗ ಎಲ್ಡು ದಿನಕ್ಕೇ ಸೀರೆ ಜೋಲಾಡ್ತೈತೆ."

"ನಾನು ಬಂದಾಗ ಯಾಕೆ ಹೇಳಲಿಲ್ಲ?"

"ನನ್ ಮಗಳು ಅದೇ ಹಾಸ್ಟೆಲ್ನಾಗೆ ಇದ್ದು ಹತ್ತನೇ ಕ್ಲಾಸು ಓದ್ತಾವ್ಳೆ. ಯಜಮಾನ್ರು ಪಕ್ಕದಾಗೇ ನಿಂತಿದ್ರು. ನಾನ್ಹೆಂಗೆ ಬಾಯಿ ಬಿಡ್ಲಿ?" ಎಂದಳು. ಆಮೇಲೆ, ದನಿ ಏರಿಸದೆ, "ನೀವು ಸೀರೆ ಬಿಚ್ಚಿಸ್ತೀರ ಅಂತ ಕಾದೆ. ನೀವು ಬಿಚ್ಚಿಸ್ಲಿಲ್ಲ," ಎಂದಳು.

ಮುಖಕ್ಕೆ ಹೊಡೆದ ಹಾಗಾಯಿತು. ಅವಳು ವಾಪಸ್ ಹೋಗುವ ಬಸ್ಸಿಗೇ ನಾನೂ ಹೊರಟೆ.

ಸೀರೆ ಬಿಚ್ಚಿಸಿದೆ. ಒಲೆಯ ನೇರಕ್ಕಿದ್ದ ಹಲಗೆಗಳು ಹೊಟ್ಟೆ ಬಿಟ್ಟಿದ್ದವು. ಗೋಡೆಯಿಂದ ಗೋಡೆಗೆ ಹುರಿ ಎಳೆದು ಕಟ್ಟಿದರೆ ನಡುವೆ ನಾಲ್ಕು ಬೆರಳು ಜಗ್ಗಿತ್ತು. ವರ್ಷಾನುಗಟ್ಟಲೆ ಅನ್ನದ ಹಬೆ ಕುಡಿದ ಹಲಗೆ ಸ್ಕ್ರೂಡ್ರೈವರಿಗೆ ಬೆಣ್ಣೆಯ ಹಾಗೆ ದಾರಿ ಬಿಟ್ಟಿತು. ಒಂದು ಕಡೆ ಸರಳು ಬರಿಗಣ್ಣಿಗೇ ಕಾಣುತ್ತಿತ್ತು. ಹಿಂದಿನ ಏಣಿ ಹತ್ತಿ ಮೇಲೆ ಹೋದೆ. ಹಲಗೆ ಸೋರಲು ಶುರುವಾದ ಮೇಲೆ ಯಾವಾಗಲೋ ಅದರ ಮೇಲೆ ಒಂದಾಳೆತ್ತರಕ್ಕೆ ತಗಡಿನ ಶೀಟು ಹಾಕಿಸಿದ್ದರು. ನಡುವೆ ಉಳಿದ ಜಾಗವೇ ಅಟ್ಟ. ಅಲ್ಲಿ, ಎದೆಯ ಮಟ್ಟಕ್ಕೆ, ಸಿಪ್ಪೆ ಸಮೇತ ತೆಂಗಿನಕಾಯಿ.

ಆ ಸೀಮೆಯ ಪದ್ಧತಿ ಗಂಗಮ್ಮ ಹೇಳಿದ ಮೇಲೆ ಗೊತ್ತಾಯಿತು. ತೋಟದವರು ಹಾಸ್ಟೆಲಿಗೆ ಹರಕೆಯ ಹಾಗೆ ಕಾಯಿ ಕೊಡುತ್ತಾರೆ. ಅದು ಅಟ್ಟದಲ್ಲಿ ಹತ್ತಿರ ಹತ್ತಿರ ಒಂದು ವರ್ಷ ಕೂತು, ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಲೊಡಲೊಡ ಅನ್ನಬೇಕು. ಅಲ್ಲಿಯವರೆಗೆ ಯಾರೂ ಕದಲಿಸುವುದಿಲ್ಲ. ಮೇಲೆ ತಗಡಿನ ಕಾವು, ಕೆಳಗೆ ಒಲೆಯ ಕಾವು, ಕೊಬ್ಬರಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ತೇಗದ ತೊಲೆಯ ಅಟ್ಟ ಹೊರುವುದನ್ನೆಲ್ಲ ಈ ಬೆಂಡೂ ಹೊರುತ್ತದೆ ಎಂದು ಇವರು ನಂಬಿಬಿಟ್ಟಿದ್ದರು. ಮಾಡು ಅಂದಮೇಲೆ ಅಟ್ಟ, ಅಟ್ಟ ಅಂದಮೇಲೆ ಕಾಯಿ. ಕೇಳುವವರು ಯಾರು? ಕೇಳಬೇಕಾದವಳು ಎಳನೀರು ಕುಡಿದು ಬಸ್ಸು ಹತ್ತಿದ್ದಳು.

ಗಂಗಮ್ಮ ಮೊದಲು ಕೊಬ್ಬರಿ ಮಂಡಿಯಲ್ಲಿ ಕಾಯಿ ಸುಲಿಯುತ್ತಿದ್ದವಳು. ಕಾಯಿಯನ್ನು ತಟ್ಟಿ, ಕಿವಿಗೆ ಹಿಡಿದು, ಒಳಗೆ ಕೊಳೆತಿದೆಯೋ ಕೊಬ್ಬರಿಯಾಗಿದೆಯೋ ಹೇಳಬಲ್ಲವಳು. ಸೌಟಿನ ಹಿಡಿಯಿಂದ ಹಲಗೆಗಳನ್ನು ಒಂದೊಂದಾಗಿ ತಟ್ಟುತ್ತಾ ಬಂದಳು. ಗಟ್ಟಿ ಇದ್ದದ್ದು ಒಂದು ಥರ ಅನ್ನುತ್ತಿತ್ತು, ಒಳಗೆ ಬಿಟ್ಟುಕೊಂಡದ್ದು ಇನ್ನೊಂದು ಥರ. ಕೆಟ್ಟದ್ದಕ್ಕೆ ಇದ್ದಿಲಿನಲ್ಲಿ ಗೆರೆ ಎಳೆದಳು. ನಾನು ಹುರಿ, ಸ್ಕ್ರೂಡ್ರೈವರು ಹಿಡಿದು ಹಿಂದೆಯೇ ನೋಡುತ್ತಾ ಹೋದೆ. ಒಂದೂ ತಪ್ಪಿರಲಿಲ್ಲ. ಊಟದ ಹಾಲಿಗೂ ಹೋದಳು. ಅಲ್ಲಿ ಅಟ್ಟವಿಲ್ಲ, ಕಾಯಿಯಿಲ್ಲ, ಹೊಟ್ಟೆ ಬಿಟ್ಟದ್ದೂ ಕಾಣುತ್ತಿರಲಿಲ್ಲ. ಆದರೂ ಬೆಂಚಿನ ಮೇಲೆ ನಿಂತು ತಟ್ಟಿ, "ಇದೂ ಅದೇ ಲಾರೀದು ಅಮ್ಮಾರೆ. ಆ ಮೂಲೇಲಿ ಬಿಟ್ಕಂಡೈತೆ," ಎಂದಳು. ಬರೆದುಕೊಂಡೆ.

ಶಿವಲಿಂಗಪ್ಪನವರಿಗೆ ಅಂದೇ ಹೇಳಿದೆ. ಕಾಯಿ ಇಳಿಸಬೇಕು. ಸರ್ವೆ ಕಂಬ ಕೊಟ್ಟು ಹಲಗೆಗೆ ಆಸರೆ ಮಾಡಬೇಕು. ಅಡುಗೆ ಹೊರಗೆ ಆಗಬೇಕು. ಹಾಲಿನ ಹಲಗೆಗಳ ಕೆಳಗೆ ಕಬ್ಬಿಣದ ತೊಲೆ ಕೊಟ್ಟು, ತುದಿಗೆ ಆಂಗಲ್ ಕೂರಿಸಿ ಉಳಿಸಬಹುದೇನೋ ನೋಡೋಣ, ಅಡುಗೆಮನೆಯದನ್ನಂತೂ ತೆಗೆಯಲೇಬೇಕು. ಅವರು ಮಜ್ಜಿಗೆ ತರಿಸಿದರು. ಪೂರ್ತಿ ಕೇಳಿಸಿಕೊಂಡರು.

"ಕಾಯಿ ಅರ್ಧಕ್ಕೆ ಇಳಿಸಿದ್ರೆ ಕೊಳೆತುಹೋಗ್ತವೆ ತಾಯಿ. ದಾನ ಕೊಟ್ಟೋರು ಏನಂದ್ಕೊತಾರೆ? ಸುಗ್ಗಿ ಕಳೀಲಿ. ಕೊಬ್ಬರಿ ಆದಮೇಲೆ ನಾನೇ ಇಳಿಸ್ತೀನಿ."

"ಅಲ್ಲಿಯವರೆಗೆ ಹಲಗೆ ನಿಲ್ಲಬೇಕಲ್ಲ?"

"ನಮ್ಮ ತಂದೆಯೋರು ಹಾಕಿಸಿದ್ದು. ಇಷ್ಟು ವರ್ಷ ನಿಂತಿದೆ. ನೀವೇ ಜೂನ್‌ನಲ್ಲಿ ಬರ್ಕೊಟ್ಟಿದ್ದೀರಲ್ಲ, ಚೆನ್ನಾಗಿದೆ ಅಂತ," ಎಂದರು. ಕೊಂಕಿನಿಂದ ಹೇಳಲಿಲ್ಲ, ನಿಜವಾಗಿಯೂ ನಂಬಿ ಹೇಳಿದರು. ಅದೇ ನನ್ನನ್ನು ಉರಿಸಿದ್ದು.

ಆಫೀಸಿನಲ್ಲಿ ಸಾಹೇಬರ ಮಾತು ಬೇರೆ ರಾಗದಲ್ಲಿ ಅದೇ ಹಾಡು. ಕೊಟ್ಟ ಸರ್ಟಿಫಿಕೇಟು ವಾಪಸ್ ಪಡೆಯಬೇಕು ಎಂದು ಬರೆದುಕೊಂಡು ಹೋಗಿದ್ದೆ. "ಜೂನ್‌ನಲ್ಲಿ ನೋಡ್ದೇ ಸಹಿ ಹಾಕ್ದೆ ಅಂತ ನಿಮ್ಮ ಕೈಯಾರೆ ಬರೀತಿದ್ದೀರಲ್ರೀ? ಪ್ರೊಬೇಷನ್ ಇದೆ ನಿಮ್ಗೆ. ಸ್ವಲ್ಪ ಯೋಚ್ನೆ ಮಾಡಿ, ಟಪಾಲಿಗೆ ಹಾಕ್ಬೇಡಿ," ಎಂದರು. ನಾನು ಯೋಚನೆ ಮಾಡಿದೆ. ನಾಲ್ಕು ದಿನ ಆ ಕಾಗದ ನನ್ನ ಬ್ಯಾಗಿನಲ್ಲಿ, ಊಟದ ಡಬ್ಬಿಯ ಪಕ್ಕದಲ್ಲಿ ಕೂತಿತ್ತು. ಆ ನಾಲ್ಕು ದಿನವೂ ಹುಡುಗಿಯರು ಉಂಡರು, ಗಂಗಮ್ಮ ಅಡುಗೆ ಮಾಡಿದಳು, ನಾನು ನನ್ನ ಭವಿಷ್ಯದ ಲೆಕ್ಕ ಹಾಕುತ್ತಿದ್ದೆ. ಐದನೆಯ ದಿನ ಕಾಗದ ಕೊಟ್ಟೆ, ಸ್ವೀಕೃತಿಗೆ ಮೊಹರು ಹಾಕಿಸಿಕೊಂಡೆ. ಸಾಹೇಬರು ಅದನ್ನು ತಮ್ಮ ಡ್ರಾಯರಿನೊಳಗೆ ಹಾಕಿ ಬೀಗ ಜಡಿದರು.

ಮುಂದಿನ ವಾರ ಹೋಗಿ ನೋಡಿದರೆ ಅಡುಗೆಮನೆಯ ಮಾಡು ಹೊಳೆಯುತ್ತಿತ್ತು. ಶಿವಲಿಂಗಪ್ಪನವರು ಗಾರೆ ಕೆಲಸದವರನ್ನು ಕರೆಸಿ, ಹಲಗೆಗಳ ತಳಕ್ಕೆ ಒಂದಿಂಚು ದಪ್ಪ ಸಿಮೆಂಟ್ ಪ್ಲಾಸ್ಟರ್ ಮೆತ್ತಿಸಿ, ಮೇಲೆ ಎರಡು ಕೋಟ್ ಎಣ್ಣೆ ಬಣ್ಣ ಹೊಡೆಸಿದ್ದರು. ಗಂಗಮ್ಮನ ಇದ್ದಿಲ ಗೆರೆಗಳೆಲ್ಲ ಅದರಡಿಯಲ್ಲಿ ಹೂತುಹೋಗಿದ್ದವು. "ಗಟ್ಟಿ ಮಾಡ್ಸಿದ್ದೀನಿ ನೋಡಿ ತಾಯಿ, ಈಗ ಒಂದು ಚೂರೂ ಬೀಳಲ್ಲ," ಎಂದರು. ಸಾಯುತ್ತಿರುವ ಹಲಗೆಗೆ ಇನ್ನೊಂದು ಹೊರೆ ಕಟ್ಟಿದ್ದರು, ಅದಕ್ಕೆ ಗಟ್ಟಿ ಎಂದು ಹೆಸರು. ಚೂರು ಬೀಳುತ್ತಿದ್ದದ್ದೇ ಅದು ಕೊಡುತ್ತಿದ್ದ ಸೂಚನೆ, ಅದರ ಬಾಯಿಗೂ ಸಿಮೆಂಟು ತುರುಕಿದ್ದರು. ನಾನು ಆ ದಿನ ಶಿವಲಿಂಗಪ್ಪನವರ ಮೇಲೆ ಕೂಗಾಡಿದೆ. ಅವರ ವಯಸ್ಸು ನೋಡಲಿಲ್ಲ. ಅವರು ಕೈ ಕಟ್ಟಿ ನಿಂತು ಕೇಳಿಸಿಕೊಂಡರು, ಆಮೇಲೆ ಸಾಹೇಬರಿಗೆ ಫೋನ್ ಮಾಡಿದರು. ಆ ಕಟ್ಟಡದ ಕಡೆ ಮತ್ತೆ ಹೋಗಕೂಡದು ಎಂದು ನನಗೆ ಬಾಯಿಮಾತಿನ ಆಜ್ಞೆ ಬಂತು.

ಹೋಗದೆ ಇದ್ದೆ. ಗಂಗಮ್ಮ ಸುಮ್ಮನಿರಲಿಲ್ಲ. ಒಂದು ಬೆಳಗ್ಗೆ ಒಲೆ, ಸಿಲಿಂಡರು, ಕೊಳದಪ್ಪಲೆಗಳನ್ನೆಲ್ಲ ಒಬ್ಬಳೇ ಎಳೆದು ಹಿತ್ತಲಿನ ಹುಣಸೆ ಮರದ ಕೆಳಗೆ ಹಾಕಿ, ಮೇಲೊಂದು ಟಾರ್ಪಾಲು ಕಟ್ಟಿ, ಅಡುಗೆಮನೆಗೆ ಬೀಗ ಹಾಕಿದಳು. ಮಳೆಯಲ್ಲಿ ಅಲ್ಲಿಯೇ ಅನ್ನ ಬೇಯಿಸಿದಳು, ಅಲ್ಲಿಯೇ ಮುದ್ದೆ ತಿರುವಿದಳು. ಬಸ್ಸಿನಲ್ಲಿ ಹೋಗುವವರೆಲ್ಲ ಕತ್ತು ಹೊರಗೆ ಹಾಕಿ ನೋಡಿದರು. ಟ್ರಸ್ಟಿಗೆ ಮಾನ ಹೋದಂತಾಯಿತು. ಒಲೆ ಒಳಗೆ ಹೋಗಬೇಕು, ಇಲ್ಲ ನೀನು ಹೊರಗೆ ಹೋಗಬೇಕು ಎಂದರು ಶಿವಲಿಂಗಪ್ಪನವರು. ಗುರುವಾರ ಗಂಗಮ್ಮನನ್ನು ಕೆಲಸದಿಂದ ಬಿಡಿಸಿದರು. ಮಗಳನ್ನು ಮಾತ್ರ ಪರೀಕ್ಷೆ ಮುಗಿಯುವವರೆಗೆ ಹಾಸ್ಟೆಲಿನಲ್ಲಿ ಇಟ್ಟುಕೊಳ್ಳುತ್ತೇವೆ ಎಂದು ದೊಡ್ಡ ಮನಸ್ಸು ಮಾಡಿದರು. ಬಾಣಾವರದ ಕಡೆಯಿಂದ ಹೊಸ ಅಡುಗೆಯವಳು ಸೋಮವಾರ ಬರುವುದೆಂದಾಯಿತು. ಅಲ್ಲಿಯವರೆಗೆ ಊಟ ಶಿವಲಿಂಗಪ್ಪನವರ ಮನೆಯಿಂದಲೇ.

ಭಾನುವಾರ ಹಗಲು ಹನ್ನೊಂದು ಗಂಟೆಗೆ ಅಡುಗೆಮನೆಯ ಮಾಡು ಬಿತ್ತು. ಹಲಗೆ, ಪ್ಲಾಸ್ಟರು, ಕಾಯಿ, ಎಲ್ಲ ಒಟ್ಟಿಗೆ. ಕಾಯಿಗಳು ಬಾಗಿಲು ಒಡೆದುಕೊಂಡು ಅಂಗಳಕ್ಕೆ ಉರುಳಿ ಬಂದವಂತೆ. ಒಳಗೆ ಒಬ್ಬರೂ ಇರಲಿಲ್ಲ.

ಎಲ್ಲರೂ "ದೇವರು ದೊಡ್ಡವನು" ಎಂದರು. ದೇವರು ದೊಡ್ಡವನೇ ಇರಬಹುದು. ಆದರೆ ಆ ಅಡುಗೆಮನೆಗೆ ಬೀಗ ಹಾಕಿದ್ದು ಗಂಗಮ್ಮ. ಟ್ರಸ್ಟಿನವರ ಮಾತು ಕೇಳಿ ಅವಳು ಒಲೆ ಒಳಗಿಟ್ಟಿದ್ದರೆ ಆ ಹೊತ್ತಿಗೆ ಅವಳೂ, ಅವಳಿಗೆ ತರಕಾರಿ ಹೆಚ್ಚಿಕೊಡಲು ಬರುವ ಹುಡುಗಿಯರೂ ಅದರ ಕೆಳಗೇ ಇರುತ್ತಿದ್ದರು. ಈ ಮಾತು ಯಾರ ಬಾಯಲ್ಲೂ ಬರಲಿಲ್ಲ. ಸೋಮವಾರ ಸಾಹೇಬರ ಡ್ರಾಯರಿನ ಬೀಗ ತೆರೆಯಿತು. ಟಪಾಲಿಗೆ ಹಾಕಬೇಡಿ ಎಂದಿದ್ದ ನನ್ನ ಕಾಗದ ಈಗ 'ಇಲಾಖೆ ಸಕಾಲದಲ್ಲಿ ನೀಡಿದ್ದ ಎಚ್ಚರಿಕೆ' ಆಯಿತು. ಅದರಲ್ಲಿ ನನ್ನ ತಪ್ಪಿನ ಸಾಲೂ ಇತ್ತು, ಅದನ್ನು ಯಾರೂ ಓದಲಿಲ್ಲ. ಪ್ರೊಬೇಷನ್ನಿಗೆ ಏನೂ ಆಗಲಿಲ್ಲ. ಬದಲಿಗೆ, ಎರಡು ವಾರ ಬಿಟ್ಟು ಹಾಸ್ಟೆಲಿನಲ್ಲಿ ಪೂಜೆ, ಊಟ, ಮಕ್ಕಳ ಜೀವ ಉಳಿಸಿದ ಇಂಜಿನಿಯರಮ್ಮನಿಗೆ ಸನ್ಮಾನ ಎಂದು ಕರೆ ಬಂತು. "ಹೋಗ್ಬೇಕ್ರೀ, ಇಲಾಖೆ ಮರ್ಯಾದೆ," ಎಂದು ಸಾಹೇಬರು ತಮ್ಮ ಜೀಪಿನಲ್ಲೇ ಕೂರಿಸಿಕೊಂಡು ಹೋದರು.

ಸಮಾರಂಭ ಇಟ್ಟಿದ್ದದ್ದು ಊಟದ ಹಾಲಿನಲ್ಲಿ.

ಬಾಗಿಲಲ್ಲೇ ತಲೆ ಎತ್ತಿದೆ. ಅದೇ ಹಲಗೆ, ಅದೇ ಲಾರಿಯದು. ನಾನು ಕೊಟ್ಟ ಕಾಗದದಲ್ಲಿ ಈ ಹಾಲಿನ ಹೆಸರಿತ್ತು, ಮೂಲೆಯ ಗುರುತೂ ಇತ್ತು. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ಹೂವು ಕೊಟ್ಟರು, ಯಾರೋ ಕುರ್ಚಿ ತೋರಿಸಿದರು, ಸಾಹೇಬರು ಆಗಲೇ ಕೂತಿದ್ದರು. ಇನ್ನೂರು ಜನ ನನ್ನ ಕಡೆ ನೋಡುತ್ತಿದ್ದರು. ಕಾಯಿಯ ಹೊರೆ ಇಲ್ಲವಲ್ಲ, ಒಂದು ಗಂಟೆಯ ಮಾತಲ್ಲವೇ ಎಂದುಕೊಂಡೆ. ಕೂತೆ.

ಶಾಲು ಹೊದಿಸಿದರು. ಮೈಕು ಕೈಗೆ ಬಂದಾಗ ಮಾತ್ರ ಸಿಟ್ಟು ತಡೆಯಲಾಗಲಿಲ್ಲ. "ಜೂನ್ ತಿಂಗಳಲ್ಲಿ ಈ ಕಟ್ಟಡ ಚೆನ್ನಾಗಿದೆ ಎಂದು ಸಹಿ ಹಾಕಿದವಳೂ ನಾನೇ. ನಿಮ್ಮ ಮಕ್ಕಳನ್ನು ಉಳಿಸಿದ್ದು ನಾನಲ್ಲ, ದೇವರೂ ಅಲ್ಲ. ಗಂಗಮ್ಮ. ಅವಳನ್ನು ನೀವು ಕೆಲಸದಿಂದ ಓಡಿಸಿದಿರಿ," ಎಂದೆ. ಸಾಹೇಬರು ತಮ್ಮ ಬೂಟು ನೋಡಿಕೊಂಡರು. ಶಿವಲಿಂಗಪ್ಪನವರು ಎದ್ದು ಕೈ ಮುಗಿದರು. ಆ ಮನುಷ್ಯನ ಕಣ್ಣಲ್ಲಿ ನೀರಿತ್ತು, ಅದು ನಾಟಕವಲ್ಲ. ಗಂಗಮ್ಮ ಎಲ್ಲಿ, ಕರೀರಿ ಎಂದರು. ಮಗಳನ್ನು ನೋಡಲು ಬಂದವಳು ಹೊರಗೇ ಇದ್ದಳು.

"ಬಾರಮ್ಮ ಒಳಗೆ. ತಪ್ಪಾಯ್ತು. ಬಾ, ಎಲ್ಲರ ಮುಂದೆ ನಿನಗೂ ಶಾಲು ಹೊದಿಸ್ತೀನಿ."

ಗಂಗಮ್ಮ ಹೊಸಿಲ ಆಚೆ ನಿಂತಳು. ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ.

"ನಾನು ಒಳೀಕೆ ಬರಲ್ಲ ಬುದ್ಧಿ. ನಿಮ್ ತಲೆ ಮೇಲಿರೋದೂ ಅದೇ ಬೆಂಡು. ಹೆಣ್ಣೈಕ್ಳನ್ನ ಮೊದ್ಲು ಎಬ್ಸಿ ಆಚೆ ಕಳ್ಸಿ. ಆಮ್ಯಾಕೆ ಶಾಲೋ ಹಾರವೋ ನೋಡುವ."

ಮೊದಲು ಅವಳ ಮಗಳು ಎದ್ದಳು. ಅವಳ ಪಕ್ಕದವಳು ಎದ್ದಳು. ಹುಡುಗಿಯರೆಲ್ಲ ಸಾಲಾಗಿ ಹೊರಗೆ ಹೋದರು, ಅವರ ಹಿಂದೆ ಹೆಂಗಸರು, ಆಮೇಲೆ ಊರಿನವರು. ಶಿವಲಿಂಗಪ್ಪನವರು ಒಮ್ಮೆ ಮೇಲೆ ನೋಡಿದರು. ತಮ್ಮ ತಂದೆ ಹಾಕಿಸಿದ ಮಾಡನ್ನು ಅವರು ಭಯದಿಂದ ನೋಡಿದ್ದು ಅದೇ ಮೊದಲಿರಬೇಕು. ಹೊರಗೆ ಬಂದು ಹುಣಸೆ ಮರದ ಕೆಳಗೆ ಎಲೆ ಹಾಕಿಸಿದರು.

ಬೇಸಿಗೆಯಲ್ಲಿ ಹಾಲಿನ ಹಲಗೆಗಳನ್ನೆಲ್ಲ ಇಳಿಸಿದೆವು. ಗಂಗಮ್ಮ ಅಷ್ಟರಲ್ಲಿ ಕೆಲಸಕ್ಕೆ ವಾಪಸ್ ಬಂದಿದ್ದಳು, ಮಗಳು ಪರೀಕ್ಷೆ ಬರೆದಿದ್ದಳು. ಕೆಳಗಿನಿಂದ ಕಂಬ ಕೊಟ್ಟು, ಹಲಗೆಗೆ ಹಗ್ಗ ಹಾಕಿ, ಒಂದು ತುದಿಯನ್ನು ಎತ್ತಿ ಜಾರಿಸಿ ಇಳಿಸಬೇಕು. ತೊಲೆ ಕೊಟ್ಟು ಉಳಿಸೋಣ ಎಂದಿದ್ದ ನನ್ನ ಮಾತನ್ನು ಮೊದಲ ದಿನವೇ ಕೈಬಿಟ್ಟೆ. ಕಟ್ಟುವಾಗ ಉದ್ದ ಹೆಚ್ಚಾದ ಹಲಗೆಗಳ ತುದಿಯನ್ನು ಗರಗಸದಿಂದ ಕುಯ್ದು ಕೂರಿಸಿದ್ದರು, ಒಳಗಿನ ಸರಳನ್ನು ತುದಿಯಲ್ಲಿ ಹಿಡಿದಿಡುವ ಅಡ್ಡಸರಳೂ ಅದರ ಜೊತೆಗೇ ಕುಯ್ದುಹೋಗಿತ್ತು. ಗೋಡೆಯ ಮೇಲೆ ಅವು ಕೂತಿದ್ದದ್ದು ಎರಡು ಬೆರಳಿನಷ್ಟು. ಎಲ್ಲ ತೆಗೆದು ಆರ್‌ಸಿಸಿ ಹಾಕುವುದೆಂದಾಯಿತು.

ಮೂರನೆಯ ದಿನ ಮೂಲೆಯ ಹಲಗೆಗೆ ಬಂದೆವು. ಹಗ್ಗ ಬಿಗಿಯುವ ಮೊದಲೇ, ಕಂಬಕ್ಕೆ ಸುತ್ತಿಗೆಯ ಒಂದು ಪೆಟ್ಟು ಬಿದ್ದದ್ದಕ್ಕೇ, ಅದು ನಡುವೆ ಮುರಿದು ಕೆಳಗೆ ಬಂತು. ಕೆಲಸದವರು ಹಾರಿ ದೂರ ನಿಂತರು. ಯಾರಿಗೂ ಪೆಟ್ಟಾಗಲಿಲ್ಲ. ಧೂಳು ಇಳಿದ ಮೇಲೆ ಹೋಗಿ ನೋಡಿದೆ. ಸರಳು ಇದ್ದ ಜಾಗದಲ್ಲಿ ಬರೀ ಕೆಂಪು ಪುಡಿ. ಒಂದು ಬದಿಯ ತುದಿ ಗೋಡೆಯ ಮೇಲೆ ಒಂದು ಬೆರಳಿನಷ್ಟೂ ಇರಲಿಲ್ಲ. ಸದ್ದು ಕೇಳಿ ಗಂಗಮ್ಮ ಹಿತ್ತಲಿನಿಂದ ಓಡಿ ಬಂದಳು. ಬಾಗಿಲಲ್ಲಿ ನಿಂತು ನೆಲ ನೋಡಿದಳು, ಗೋಡೆ ನೋಡಿದಳು, ದೂರ ಅಳೆಯುವವಳ ಹಾಗೆ.

"ಆವತ್ತು ನಿಮ್ ಕುರ್ಚಿ ಇಲ್ಲೇ ಅಲ್ವ ಹಾಕಿದ್ದು?" ಎಂದಳು.

ಹೌದು, ಅಲ್ಲೇ. ಸಾಹೇಬರದು, ನನ್ನದು, ಮುಂದೆ ನೆಲದ ಮೇಲೆ ಹುಡುಗಿಯರ ಮೊದಲ ಸಾಲು.

"ಅವ್ರಿಗೆಲ್ಲ ಗೊತ್ತಿರ್ಲಿಲ್ಲ," ಎಂದಳು ಗಂಗಮ್ಮ. "ನಿಮಗೆ ಗೊತ್ತಿತ್ತಲ್ಲ ಅಮ್ಮಾರೆ. ಗೊತ್ತಿದ್ದೂ ಹೆಂಗೆ ಕೂತ್ರಿ?"

ಜೂನ್ ತಿಂಗಳ ಸಹಿಗೆ ನನ್ನಲ್ಲಿ ನೆಪಗಳಿದ್ದವು. ಹೊಸಬಳು, ಬಸ್ಸು, ಸೀರೆ ಕಟ್ಟಿತ್ತು. ಇದಕ್ಕೆ ಒಂದೂ ಸಿಗಲಿಲ್ಲ. ಶಿವಲಿಂಗಪ್ಪನವರ ಮೇಲಿನ ಸಿಟ್ಟು ಎಂದೋ ಇಳಿದಿದೆ, ಸಾಹೇಬರು ನಿವೃತ್ತರಾದರು, ಅವರೂ ಹೋಗಲಿ. ಆ ದಿನ ಗಂಗಮ್ಮ ಒಲೆಯ ಮೇಲೆ ಬೇಳೆ ಇದೆ ಎಂದು ಹಿತ್ತಲಿಗೆ ಹೋದಳು.